ಉಸಿರು ಬಿಗಿಹಿಡಿದು ಬಳಿದ ಪಾಲಿಶ್

ಮಂಗಳವಾರ, ಮಾರ್ಚ್ ೧೧

ಹೇಳಿಬಿಟ್ಟೆ! ಮೂರು ತಿಂಗಳು ತುಂಬುವವರೆಗೂ ಬಾಯಿ ಬಿಡಬೇಡ, ಕೆಲಸ ಹೋದೀತು ಎಂದಿದ್ದಳು ಅಮ್ಮ. ಪಾಲಿಶ್ ವಾಸನೆ ಮಗುವಿಗೆ ಒಳ್ಳೆಯದಲ್ಲ ಎಂದಿದ್ದರು ಡಾಕ್ಟರು. ಇಬ್ಬರ ಮಾತನ್ನೂ ಉಳಿಸಲು ಒಂದು ವಾರದಿಂದ ಮರಗೆಲಸದ ಅಂಗಡಿಯಲ್ಲಿ ಉಸಿರು ಬಿಗಿಹಿಡಿದು ಪಾಲಿಶ್ ಬಳಿಯುತ್ತಿದ್ದೆ. ತಡೆಯಲಾರದಾಗ ಬಾಗಿಲಿಗೆ ಓಡಿ ಉಸಿರೆಳೆದುಕೊಂಡು ಬರುತ್ತಿದ್ದೆ. ಅಷ್ಟರಲ್ಲಿ ಬಳಿದದ್ದು ಒಣಗಿ ಬೀರುವಿನ ತುಂಬ ಪಟ್ಟೆ.

"ಏನಮ್ಮಾ, ಬೀರುಗೆ ಪಾಲಿಶ್ ಹಾಕು ಅಂದ್ರೆ ಹುಲಿ ಮಾಡಿಟ್ಟಿದೀಯಲ್ಲ?" ಎಂದರು ಮೇಸ್ತ್ರಿ.

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು, ಆದರೆ ಹೊರಗೆ ಬರಲಿಲ್ಲ. "ನಾನು ಬಸುರಿ. ಉಸಿರು ಹಿಡ್ಕೊಂಡು ಬಳಿದೆ" ಎಂದೆ.

ಅವರು ಕೈಯಿಂದ ಡಬ್ಬ ಕಿತ್ತುಕೊಂಡರು. ಕೆಲಸ ಹೋಯಿತು ಅಂದುಕೊಂಡೆ.

"ಹುಚ್ಚುಡುಗಿ, ಮೊದ್ಲೇ ಹೇಳೋಕೇನಾಗಿತ್ತು? ನಾಳೆಯಿಂದ ಕಿಟಕಿ ಹತ್ರ ಕೂತು ಕುರ್ಚಿಗೆ ಬೆತ್ತ ಹೆಣಿ. ನಾನೇ ಕಲಿಸ್ತೀನಿ."

ಬೆತ್ತ ಹೆಣೆಯುವುದು! ಅದನ್ನು ಅವರು ಇದುವರೆಗೆ ಯಾರಿಗೂ ಕಲಿಸಿದವರಲ್ಲ. ಕುಣಿಯಬೇಕೆನಿಸಿತು. ಆದರೆ ಒಂದು ಪಾಠ ಮುಗಿಯುವವರೆಗೆ ಬೆಂಚಿನ ಮೇಲೆ ಕೂರಲಾರದೆ ಶಾಲೆ ಬಿಟ್ಟವಳು ನಾನು. ಇನ್ನು ದಿನವಿಡೀ ಕೂರಬೇಕು. ಕೂರುತ್ತೇನೆ. ನಿನಗೋಸ್ಕರ ಅಂತ ಸುಳ್ಳೇಕೆ ಹೇಳಲಿ ಮರಿ, ಬೆತ್ತದ ಆಸೆಗೇ. ನಿನಗೋಸ್ಕರವೂ ಸ್ವಲ್ಪ. ಸ್ವಲ್ಪ ಏನು, ಬಹಳವೇ ಇರಬೇಕು, ಯಾಕೆಂದರೆ ಈಗ ಇದನ್ನು ಬರೆಯುವಾಗಲೂ ಒಂದು ಕೈ ಹೊಟ್ಟೆಯ ಮೇಲೇ ಇದೆ.