ಎಡಗಡೆಯ ಹುಟ್ಟು

ಮೂರನೇ ಮಹಡಿಯ ಮನೆ,
ಜೂನ್ ೧೩, ಶನಿವಾರ ಬೆಳಿಗ್ಗೆ

ಪ್ರೀತಿಯ ಮಾತಿನಮಲ್ಲಿಗೆ,

ಹೇಗಿದ್ದೀಯಾ ಮಗಳೇ? ನೆಗಡಿ ಇಳಿಯಿತೇ? ನೀನು ಕಳಿಸಿದ ಸಂದೇಶದಲ್ಲಿ ದನಿ ಮೂಗು ಕಟ್ಟಿದಂತಿತ್ತು. ಬಿಸಿನೀರು ಕುಡಿ. ಕಿವಿಗೆ ಆ ಹೆಡ್‌ಫೋನ್ ಸಿಕ್ಕಿಸಿಕೊಂಡು ಹೊತ್ತುಗೊತ್ತಿಲ್ಲದೆ ಕೂರಬೇಡ ಎಂದರೆ ಕೇಳುವವಳಲ್ಲ ನೀನು, ಆದರೂ ಹೇಳಿದ್ದೇನೆ. ನಾನು ಚೆನ್ನಾಗಿದ್ದೇನೆ. ಲಿಫ್ಟ್ ರಿಪೇರಿಯ ಕೆಲಸ, ಹತ್ತುವುದು ಇಳಿಯುವುದು, ಇದ್ದದ್ದೇ. ಈಗಿನ ಲಿಫ್ಟುಗಳಲ್ಲಿ ‘ಬಾಗಿಲು ಮುಚ್ಚುತ್ತಿದೆ’ ಎನ್ನುವ ಹೆಣ್ಣುದನಿ ಇರುತ್ತದಲ್ಲ, ಇಡೀ ದಿನ ನನ್ನ ಜೊತೆ ಮಾತಾಡುವವಳು ಅವಳೊಬ್ಬಳೇ. ನಗಬೇಡ.

ಅಮ್ಮನೂ ನಾನೂ ಬೇರೆಯಾಗಿ ನೀನು ಅವಳ ಜೊತೆ ಹೋದ ಮೇಲೆ ನಮ್ಮಿಬ್ಬರ ಫೋನು ‘ಊಟ ಆಯ್ತಾ’ ಎಂದು ಶುರುವಾಗಿ ‘ಆಯ್ತು’ ಎನ್ನುವಲ್ಲಿಗೆ ಮುಗಿಯುತ್ತದೆ. ಅರಳು ಹುರಿದಂತೆ ಮಾತಾಡುತ್ತಿದ್ದವಳು ಎಲ್ಲಿ ಹೋದಳೋ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಅಂಥದ್ದರಲ್ಲಿ ಹೋದ ವಾರ, ‘ಅಪ್ಪಾ, ಆ ಹಳೇ ವಿಡಿಯೋ ಗೇಮ್ ಇನ್ನೂ ಇದ್ಯಾ? ದೋಣಿ ಆಟದ ಮ್ಯೂಸಿಕ್ ರೆಕಾರ್ಡ್ ಮಾಡಿ ಕಳಿಸ್ತೀಯಾ? ರೀಮಿಕ್ಸ್ ಮಾಡ್ಬೇಕು’ ಎಂದೆಯಲ್ಲ, ಲಿಫ್ಟಿನ ತಳದ ಗುಂಡಿಯೊಳಗೆ ನಿಂತು ಆ ಸಂದೇಶವನ್ನು ಮತ್ತೆ ಮತ್ತೆ ಹಾಕಿಕೊಂಡು ಕೇಳಿದೆ. ಮೇಲಿದ್ದವರು ‘ಏನ್ರೀ, ಸಿಕ್ಕಾಕೊಂಡ್ರಾ?’ ಎಂದು ಕೂಗಿದರು. ನೀನು ಇಲ್ಲಿಂದ ಹೋದ ಮೇಲೆ ನನ್ನನ್ನು ಏನನ್ನಾದರೂ ಕೇಳಿದ್ದು ಇದೇ ಮೊದಲು. ಇದೊಂದನ್ನು ಸರಿಯಾಗಿ ಮಾಡಿಕೊಟ್ಟರೆ ಇನ್ನೊಂದು ಕೇಳುತ್ತಾಳೆ ಎಂಬ ಆಸೆ ನನಗೆ.

ಆಟ ಮಂಚದ ಕೆಳಗೇ ಇತ್ತು. ಕ್ಯಾಸೆಟ್ಟನ್ನು ನೀನು ಮಾಡುತ್ತಿದ್ದಂತೆಯೇ ಉಫ್ ಎಂದು ಊದಿ ಸಿಕ್ಕಿಸಿದೆ. ಪುಣ್ಯಾತ್ಮ, ಎರಡನೇ ಸಲಕ್ಕೇ ಎದ್ದ. ಮೊದಲು ಫೋನನ್ನು ಟಿ.ವಿ. ಮುಂದಿಟ್ಟು ರೆಕಾರ್ಡ್ ಮಾಡಿದೆ. ಕೇಳಿದರೆ ಮೇಲಿನ ಮನೆಯವರು ಕುರ್ಚಿ ಎಳೆಯುವ ಸದ್ದು, ನಡುನಡುವೆ ನನ್ನ ಬೈಗುಳ. ಅದನ್ನು ಅಳಿಸಿದ್ದೇನೆ, ನಿನ್ನ ಕಿವಿಗೆ ತಕ್ಕದ್ದಲ್ಲ. ಆಮೇಲೆ ನಮ್ಮ ಬೀದಿಯ ಟಿ.ವಿ. ರಿಪೇರಿ ಅಂಗಡಿಯಾಕೆಯಿಂದ ಒಂದು ವೈರ್ ಕೇಳಿ ತಂದು ಟಿ.ವಿ.ಯಿಂದ ನೇರ ಕಂಪ್ಯೂಟರಿಗೆ ಸಿಕ್ಕಿಸಿದೆ. ಸದ್ದೇನೋ ಶುದ್ಧವಾಯಿತು, ಕಷ್ಟ ಶುರುವಾದದ್ದೇ ಅಲ್ಲಿಂದ. ನೆನಪಿದೆಯಲ್ಲ, ದೋಣಿ ಹಂತಕ್ಕೆ ಇಬ್ಬರು ಬೇಕು. ಬಲಗಡೆಯ ಹುಟ್ಟು ನನ್ನದು, ಎಡಗಡೆಯದು ನಿನ್ನದು. ಇಬ್ಬರೂ ಹುಟ್ಟು ಹಾಕುತ್ತಿದ್ದರಷ್ಟೇ ಸಂಗೀತ ಮುಂದಕ್ಕೆ ಹೋಗುತ್ತದೆ. ಒಬ್ಬರು ನಿಲ್ಲಿಸಿದರೂ ದೋಣಿ ಗಿರಗಿರನೆ ಸುತ್ತಿ ಬಂಡೆಗೆ ಬಡಿದು, ಆ ಅಳುಮುಂಜಿ ರಾಗ. ಎರಡೂ ರಿಮೋಟ್ ನಾನೊಬ್ಬನೇ ಹಿಡಿಯಲು ಹೋದೆ, ಆಗಲಿಲ್ಲ. ಕೊನೆಗೆ ನನ್ನದನ್ನು ಕೈಯಲ್ಲಿ ಹಿಡಿದು, ನಿನ್ನದನ್ನು ನೆಲಕ್ಕೆ ಟೇಪಿನಿಂದ ಅಂಟಿಸಿ ಕಾಲಿನ ಹೆಬ್ಬೆರಳಲ್ಲಿ ಒತ್ತಿದೆ. ನನ್ನ ಕಾಲಿಗೆ ಇಷ್ಟು ಬುದ್ಧಿ ಇದೆಯೆಂದು ನನಗೇ ಗೊತ್ತಿರಲಿಲ್ಲ. ವಾರವಿಡೀ ಕೆಲಸದಿಂದ ಬಂದು ಇದೇ ಗೀಳು. ಅಂತೂ ದೋಣಿ ದಡ ಸೇರಿತು. ‘ಅಪ್ಪಾ, ಗೆದ್ವಿ!’ ಎಂದು ನೀನು ನನ್ನ ಬೆನ್ನಿಗೆ ಗುದ್ದುತ್ತಿದ್ದದ್ದು ಅಲ್ಲೇ. ಗೆದ್ವಿ ಕಣೇ ಎಂದು ನಾನೂ ಪಕ್ಕಕ್ಕೆ ತಿರುಗಿದೆ. ಮನೆ ಬಿಕೋ ಎನ್ನುತ್ತಿತ್ತು. ಹೇಳಬಾರದು ಎಂದಿದ್ದೆ, ಬರೆದುಬಿಟ್ಟೆ.

ಪೆನ್‌ಡ್ರೈವ್ ಇದರ ಜೊತೆಗಿದೆ. ಎಡಗಡೆಯ ಹುಟ್ಟು ಅಲ್ಲಲ್ಲಿ ತಡವಾಗಿ ಬಿದ್ದು ರಾಗ ಸ್ವಲ್ಪ ಕುಂಟುತ್ತದೆ, ನನ್ನ ಹೆಬ್ಬೆರಳನ್ನು ಬಯ್ಯದೆ ಸರಿಮಾಡಿಕೋ. ಅಮ್ಮನನ್ನು ಕೇಳಿದೆನೆಂದು ಹೇಳು, ಅವಳು ಮೂಗು ಮುರಿಯದಿದ್ದರೆ. ನೀನು ಮಾಡುವ ಸಂಗೀತ ನಾಲ್ಕು ಜನರ ಕಿವಿಗೆ ಬೀಳಲಿ. ತಣ್ಣಗಿರು ಕಂದಾ.

ನಿನ್ನ ಅಪ್ಪ,
ಬಲಗಡೆಯ ಹುಟ್ಟು

ತಾ.ಕ.: ಅಂಚೆಗೆ ಹೊರಟವನು ದಾರಿಯಲ್ಲೇ ಲಕೋಟೆ ಬಿಚ್ಚಿ ಗೀಚುತ್ತಿದ್ದೇನೆ, ಅಕ್ಷರ ಸಹಿಸಿಕೋ. ವೈರ್ ವಾಪಸ್ ಕೊಡಲು ಹೋದರೆ ಆ ಅಂಗಡಿಯಾಕೆ, ‘ಅಯ್ಯೋ, ಇದಕ್ಕಾ ಇಷ್ಟು ಒದ್ದಾಡಿದ್ರಿ? ಈ ಗೇಮಿನ ಮ್ಯೂಸಿಕ್ಕೆಲ್ಲಾ ನೆಟ್ಟಲ್ಲಿ ಬಿಟ್ಟಿ ಸಿಗುತ್ತಲ್ರೀ, ರೀಮಿಕ್ಸ್ ಮಾಡೋರಿಗೆಲ್ಲಾ ಗೊತ್ತು!’ ಎಂದಳು. ಮೊದಲು ಮುಖ ಸಪ್ಪಗಾಯಿತು. ಆಮೇಲೆ ಹೊಳೆಯಿತು, ಅವರಿಗೆಲ್ಲ ಗೊತ್ತಿದ್ದರೆ ನಿನಗೂ ಗೊತ್ತಿರಬೇಕಲ್ಲ. ಗೊತ್ತಿದ್ದೂ ನನ್ನನ್ನು ಕೇಳಿದೆಯಲ್ಲ ಮಗಳೇ. ಅಂಗಡಿಯ ಮುಂದೇ ಕಣ್ಣು ತುಂಬಿತು. ಇದಕ್ಕೆ ಏನೂ ಹೇಳಬೇಡ. ಆ ಆಟದಲ್ಲಿ ಇನ್ನೂ ಗುಹೆಯಿದೆ, ಹಿಮದ ಬೆಟ್ಟವಿದೆ, ರಾಕ್ಷಸನ ಕೋಟೆಯಿದೆ. ಎಲ್ಲ ಒಟ್ಟಿಗೆ ಕೇಳಿಬಿಡಬೇಡ, ಒಂದೊಂದಾಗಿ ಕೇಳು.