ಕವುಚಿಟ್ಟ ಲೋಟ

ಹಟ್ಟನ್, ಶ್ರೀಲಂಕಾ
೯ ಫೆಬ್ರವರಿ ೨೦೨೫

ಅವ್ವನಿಗೆ ಮಿಲನ್ ಮಾಡುವ ನಮಸ್ಕಾರ.

ಬಂದು ವಾರ ಕಳೆದರೂ ಬರೆಯಲಿಲ್ಲ, ತಪ್ಪಾಯಿತು. ಫೋನಿನಲ್ಲಿ ಹೇಳಹೋದರೆ ನಿನಗೆ ಬೇಡದ ಮಾತು ಬಂದ ಕೂಡಲೇ ಕಟ್ ಮಾಡುತ್ತೀ. ಅದಕ್ಕೇ ಕಾಗದ. ಇದರ ಫೋಟೊ ತಂಗಿಗೆ ಕಳಿಸುತ್ತೇನೆ. ನಿಶ್ಮಿತಾ ಓದಲಿ, ನೀನು ಪೂರ್ತಿ ಕೇಳು. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನ ಅಕ್ಷರ ನೋಡಿ ಅವಳು ನಗುವುದು ಬೇಡ.

ಯೋಗರಾಜ ಚೆನ್ನಾಗಿದ್ದಾನೆ. ರಾಮೇಶ್ವರದಲ್ಲಿ ನನ್ನ ವ್ಯಾನ್ ಕೆಟ್ಟು ನಿಂತಾಗ, ಬಾಡಿಗೆಗೆ ಹಿಡಿದು ಬಂದ ಅಮ್ಮತ್ತಿ ಊರಿನವರೆಲ್ಲ ನನ್ನನ್ನು ಬೈದು ಬಸ್ಸು ಹತ್ತಿ ಹೋದರಲ್ಲ, ಅಪ್ಪನ ಕರ್ಮ ಮಾಡಲು ಸಮುದ್ರ ದಾಟಿ ಬಂದಿದ್ದ ಇವನೊಬ್ಬನೇ ಮೆಕ್ಯಾನಿಕ್ ಶೆಡ್ಡಿನಲ್ಲಿ ನನ್ನ ಜೊತೆ ಕೂತ. ಗಾಡಿ ಸರಿಯಾಗುವ ತನಕ ಕೂತ. ಹೊರಡುವಾಗ "ನಮ್ಮನೆಗೆ ಬಾ" ಅಂದ. ಬಂದೆ. ಇಲ್ಲಿ ಟೀ ಎಸ್ಟೇಟಿನ ಕೂಲಿಯವರ ಸಾಲುಮನೆಗಳ ಲೈನಿನಲ್ಲಿ ಮನೆ. ಅವನು ಫ್ಯಾಕ್ಟರಿಯಲ್ಲಿ, ಅವನಮ್ಮ ರಾಕ್ಕಮ್ಮ ಎಲೆ ಕೀಳುವವಳು. ಇರುವುದೊಂದು ಮಂಚ, ಅದು ನನಗೆ.

ಅಷ್ಟು ಹೇಳಿದ್ದಕ್ಕೇ ತಾನೇ ಮೊನ್ನೆ ನೀನು, "ಲೈನ್ ಮನೇಲಿನಾ? ಅಲ್ಲಿ ಲಾಡ್ಜ್ ಎಂತ ಇಲ್ಲೆನಾ ಮಗ?" ಅಂತ ಫೋನಿಟ್ಟಿದ್ದು. ಸಿಟ್ಟು ನೆತ್ತಿಗೇರಿತು. ಆದರೆ ಬಂದ ದಿನ ನಾನೇ ಏನು ಮಾಡಿದೆ, ಕೇಳು.

ರಾಕ್ಕಮ್ಮ ಚಹಾ ಕೊಟ್ಟಳು. ಕುಡಿದು, ಲೋಟ ತೊಳೆದು, ಹೊರಗೆ ಜಗಲಿ ಕಟ್ಟೆಯ ಮೇಲೆ ಕವುಚಿಟ್ಟೆ. ಲೈನಿನಲ್ಲಿ ಮರ್ಯಾದೆ ಅಂದರೆ ಅದೇ ಇರಬೇಕು ಎಂದುಕೊಂಡಿದ್ದೆ.

"ಯಾಕೆ ತಂಬಿ ಲೋಟ ಹೊರಗಿಟ್ಟೆ? ತೂತಾ ಅದು?"

ನನ್ನ ಹರುಕು ತಮಿಳಿನಲ್ಲಿ ಹೇಳಿದೆ, "ನಮ್ಮಲ್ಲಿ ಲೈನಿನವ್ರು ಹೀಗೇ ಇಡೋದು."

"ಅವ್ರ ಮನೇಲಾ?"

"ಅಲ್ಲ, ನಮ್ಮನೇಲಿ."

ಯೋಗರಾಜ ಮುಖ ಆಚೆ ತಿರುಗಿಸಿದ. ಮುದುಕಿ ಮಾತ್ರ ನಕ್ಕಳು. "ಇದು ನಮ್ಮನೆ, ದೊರೆ. ಇಲ್ಲಿ ನಿಂಗೆ ಅಂತ ಬೇರೆ ಲೋಟ ಇಲ್ಲ. ಒಳಗೆ ತಾ."

ತಂದುಕೊಟ್ಟೆ. ಅದೇ ಲೋಟಕ್ಕೆ ಚಹಾ ಬಗ್ಗಿಸಿಕೊಂಡು ತಾನು ಕುಡಿದಳು.

ಅವ್ವ, ನೀನು ಕೆಟ್ಟವಳಲ್ಲ. ನಮ್ಮ ಕಾಫಿ ತೋಟದ ಲೈನಿನ ಸಣ್ಣಸ್ವಾಮಿಯ ಹೆಂಡತಿಗೆ ಜ್ವರ ಬಂದರೆ ಗಂಜಿ ಕಳಿಸುತ್ತೀ. ಗಂಜಿ ಕಳಿಸುವ ಕೈಗೆ ಅವನ ಲೋಟ ಒಳಗೆ ತರಲು ಏನಾಗುತ್ತದೆ? ಓದಿದವರಿಗೆ ಅರ್ಥವಾಗುವುದೇನೋ, ನನಗಾಗುವುದಿಲ್ಲ.

ಶಿವರಾತ್ರಿ ಹೊತ್ತಿಗೆ ಬರುತ್ತೇನೆ. ಯೋಗರಾಜನೂ ಬರುತ್ತಾನೆ. ಅವನು ನಮ್ಮ ಜೊತೆ ಒಳಗೆ ಉಣ್ಣುತ್ತಾನೆ, ನನ್ನ ಕೋಣೆಯಲ್ಲಿ ಮಲಗುತ್ತಾನೆ. ಕಾಫಿ ಸ್ಟೋರಿನಲ್ಲಿ ಅವನಿಗೆ ಚಾಪೆ ಹಾಸುವ ಯೋಚನೆ ಇದ್ದರೆ ಈಗಲೇ ಹೇಳಿಬಿಡು. ಇಬ್ಬರೂ ಕುಟ್ಟ ಪೇಟೆಯಲ್ಲಿ ಎಲ್ಲಾದರೂ ಉಳಿಯುತ್ತೇವೆ, ನಾನು ಮನೆಗೆ ಬರುವುದಿಲ್ಲ. ಬೆದರಿಕೆ ಅಂದುಕೊಂಡರೆ ಅಂದುಕೋ.

ಮಂಡಿಗೆ ಎಣ್ಣೆ ಹಚ್ಚು. ಅಪ್ಪನಿಗೂ ಓದಿಸು. ಬೈಯುವುದೆಲ್ಲ ಬೈದು, ಆಮೇಲೆ ಆಶೀರ್ವಾದ ಮಾಡು.

ನಿನ್ನ ಮಗ,
ಮಿಲನ್

ಮರೆತ ಮಾತು: ನಿನ್ನೆ ರಾಕ್ಕಮ್ಮ ಕೇಳಿದಳು, "ನಿಮ್ಮ ಕಡೆ ಲೈನ್ ಮನೆ ಹೆಂಗಿರ್ತದೆ ತಂಬಿ? ಒಲೆ ಎಲ್ಲಿ? ಹೊಗೆ ಹೋಗಕ್ಕೆ ದಾರಿ ಉಂಟಾ?" ಸಣ್ಣಸ್ವಾಮಿಯ ಮಗನ ಜೊತೆ ಆ ಅಂಗಳದಲ್ಲಿ ಕ್ರಿಕೆಟ್ ಆಡಿ ಬೆಳೆದವನು ನಾನು. ತಮಿಳು ಕಲಿತದ್ದೂ ಅಲ್ಲೇ. ಚೆಂಡು ಮನೆಯೊಳಗೆ ಹೋದರೆ ಅವನೇ ತಂದುಕೊಡುತ್ತಿದ್ದ. ಒಲೆ ಎಲ್ಲಿದೆಯೋ ನನಗೆ ಗೊತ್ತಿಲ್ಲ. ನಿನಗೆ ಗೊತ್ತಾ ಅವ್ವ?