ತಾತ ನಕ್ಕಿದ್ದು

ಚುವಾನ್‌ಝೌ, ಭಾನುವಾರ

ಅತ್ತೆ,

ಇದನ್ನು ಬರೆಯದೆ ಬಿಡೋಣವೆಂದೇ ಇದ್ದೆ. ಪಿನಾಂಗ್ ಬಿಡುವ ಮುನ್ನ, ತಾತನ ಫೋಟೊದ ಮುಂದೆ ಮರದ ತುಂಡುಗಳನ್ನೆಸೆದು ಒಪ್ಪಿಗೆ ಕೇಳಿದೆಯಾ ಎಂದಿರಿ. ಹೂಂ ಎಂದೆ. ಕೇಳಿರಲಿಲ್ಲ. ತಾತ ಬೇಡವೆಂದಿದ್ದರೆ ನೀವು ನನ್ನನ್ನು ಕಳಿಸುತ್ತಿರಲಿಲ್ಲ.

ಫೂಜಿಯಾನ್ ಪ್ರಾಂತ್ಯ ಸುತ್ತುವ ಎರಡು ವಾರದ ಪಟ್ಟಿ ಸಿದ್ಧವಾಗಿದೆ. ಹಳೆಯ ಬಂದರು, ಮಣ್ಣಿನ ದುಂಡು ಮನೆಗಳು, ಎಲ್ಲಕ್ಕೂ ದಿನ ಗೊತ್ತಾಗಿದೆ. ತಾತ ಬಿಟ್ಟುಬಂದ ಮೇಲೆ ನಮ್ಮವರು ಯಾರೂ ಕಾಲಿಡದ ಆ ಹಳ್ಳಿಯ ಹೆಸರಿನೆದುರು ಮಾತ್ರ ದಿನ ಬರೆಯಲು ಕೈ ಬರಲಿಲ್ಲ. ಅದನ್ನು ಕಂಡ ವಸತಿಗೃಹದ ಒಡತಿ ಶ್ಯೂಲಾನ್ ವಿಚಾರಿಸಿದರು; ನಿಜ ಹೇಳಿಬಿಟ್ಟೆ. ತಮ್ಮ ದೇವರ ಮುಂದಿದ್ದ ಜೋಡಿ ತುಂಡುಗಳನ್ನು ಕೈಗಿತ್ತರು. ಚೀಲದಲ್ಲಿದ್ದ ತಾತನ ಫೋಟೊ ನಿಲ್ಲಿಸಿ, "ಹಳ್ಳಿಗೆ ಹೋಗಲಾ?" ಎಂದು ಎಸೆದೆ. ಎರಡೂ ಚಪ್ಪಟೆ ಮುಖ ಮೇಲಾಗಿ ಬಿದ್ದವು. ಹೂಂ ಅಲ್ಲ, ಬೇಡವೂ ಅಲ್ಲ, ಅಂದರೆ ತಾತ ನಕ್ಕರು! ಮತ್ತೆ ಎಸೆದರೂ ಅದೇ ನಗು.

"ನಗದೆ ಇನ್ನೇನ್ ಮಾಡ್ತಾರೆ ತಂಗಿ? ಸಮುದ್ರ ದಾಟಿ ಬಂದು, ಬಾಗಿಲಲ್ಲಿ ನಿಂತ್ಕೊಂಡು ಹೋಗ್ಲಾ ಅಂತೀಯಲ್ಲ! ಯಾವತ್ತು ಬರ್ಲಿ ಅಂತ ಕೇಳು," ಎಂದರು ಶ್ಯೂಲಾನ್.

ಹತ್ತನೆಯ ತಾರೀಕು ಎಂದೆ. ಎರಡೂ ಬೋರಲು ಬಿದ್ದವು, ಬೇಡವಂತೆ. ಹನ್ನೆರಡು ಎಂದೆ. ಒಂದು ಅಂಗಾತ, ಒಂದು ಬೋರಲು. ಮೂರು ಸಲ ಎಸೆದರೂ ಹಾಗೆಯೇ ಬಿದ್ದು ಒಪ್ಪಿಗೆ ಕೊಟ್ಟವು.

ನನ್ನ ಕೆಮ್ಮು ನಿಂತಿದೆ. ಇಲ್ಲಿನ ಸಿಂಪಿ ಆಮ್ಲೆಟ್ ನಿಮ್ಮದರಷ್ಟು ಗರಿಗರಿಯಾಗಿಲ್ಲ. ಬೈಯುವುದಿದ್ದರೆ ಬಂದ ಮೇಲೆ ಬೈಯಿರಿ, ಜಾಗ ಮುಗಿಯಿತು.

ನಿಮ್ಮ ಸಿಯೂಖಿಮ್

ಈ ಕಾರ್ಡನ್ನು ತಾತನ ಹಳ್ಳಿಯಿಂದಲೇ ಅಂಚೆಗೆ ಹಾಕುತ್ತೇನೆ, ಏಪ್ರಿಲ್ ಹನ್ನೆರಡರಂದು.